ಸೇತುರಾಮಯ್ಯನವರ ರಷ್ಯನ್ ಭಾನುವಾರಗಳು

ನಿನ್ನೆ ನಮ್ಮ ಮನೆಯ ಇಂಟರ್ನೆಟ್ ಕೆಟ್ಟಿತು. ದೂರು ಕೊಡೋಣವೆಂದು ಫೋನ್ ಮಾಡಿದೆ. ನನ್ನ ಕರೆ ಅವರಿಗೆ ಅತ್ಯಮೂಲ್ಯ ಎಂದು ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಸುಳ್ಳು ಹೇಳಿದ ಹೆಂಗಸು ಮಾಯವಾದಳು, ಅವಳ ಜಾಗಕ್ಕೆ ಹಂಸಗಳು ಬಂದವು. ನಿಮಗೂ ಆ ರಾಗ ಗೊತ್ತಿರುತ್ತದೆ. ಬಿಳಿ ಫ್ರಾಕು ತೊಟ್ಟ ಹುಡುಗಿಯರು ಹೆಬ್ಬೆರಳ ಮೇಲೆ ನಿಂತು ಕೊಳದಲ್ಲಿ ತೇಲುವಂತೆ ನಟಿಸುವಾಗ ಹಿಂದಿನಿಂದ ಒಂದು ಪೀಪಿ ಗೋಳಾಡುತ್ತದಲ್ಲ, ಅದೇ. ಇಪ್ಪತ್ತು ನಿಮಿಷ ಅವು ನನ್ನ ಕಿವಿಯಲ್ಲಿ ಈಜಿದವು. ಆಮೇಲೆ ಫೋನ್ ಕಟ್ಟಾಯಿತು. ನನಗೆ ಕೋಪ ಬಂದದ್ದು ಕಂಪನಿಯ ಮೇಲಲ್ಲ, ಸೇತುರಾಮಯ್ಯನವರ ಮೇಲೆ. ಹಂಸಗಳು ಎಲ್ಲಿ ಕೇಳಿಸಿದರೂ ನನಗೆ ಮೊದಲು ಅವರ ಮೇಲೇ ಕೋಪ ಬರುತ್ತದೆ.

ಸೇತುರಾಮಯ್ಯನವರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ನಮ್ಮ ಯಜಮಾನರ ಮೇಲಧಿಕಾರಿಯಾಗಿದ್ದವರು. ಒಂದು ಕಾಲದಲ್ಲಿ ಮೂರು ವರ್ಷ ಮಾಸ್ಕೋದ ರಾಯಭಾರ ಕಚೇರಿಯಲ್ಲಿ ಕುರ್ಚಿ ಬಿಸಿ ಮಾಡಿ ಬಂದವರು. ಅಲ್ಲಿಂದ ಬರುವಾಗ ಒಂದು ತುಪ್ಪಳದ ಟೋಪಿ, ಒಂದು ಟೇಪ್ ರೆಕಾರ್ಡರ್ ಮತ್ತು ಒಬ್ಬ ಸಂಗೀತಗಾರನನ್ನು ಹೊತ್ತು ತಂದರು. ಟೋಪಿಗೆ ದೆಹಲಿಯಲ್ಲಿ ವರ್ಷಕ್ಕೆ ಹದಿನೈದು ದಿನ ಮಾತ್ರ ಕೆಲಸ. ಸಂಗೀತಗಾರನಿಗೆ ವರ್ಷವಿಡೀ ಡ್ಯೂಟಿ. ಹಿಂದಿನ ಶತಮಾನದಾಚೆ ಸತ್ತುಹೋದ ಆ ಮಹಾನುಭಾವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಉಚ್ಚಾರ ಸರಿಯಿಲ್ಲವೆಂದು ವಸಂತ್ ಕುಂಜ್‌ನ ಅವರ ಮನೆಯಿಂದ ಫೋನ್ ಬರುತ್ತದೆ.

ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಸಂಜೆ ನಾಲ್ಕಕ್ಕೆ ವಸಂತ್ ಕುಂಜ್‌ನ ಅವರ ಫ್ಲ್ಯಾಟಿನಲ್ಲಿ ಶ್ರವಣ ಗೋಷ್ಠಿ. ನಾವಿದ್ದದ್ದು, ಈಗಲೂ ಇರುವುದು, ರೋಹಿಣಿಯಲ್ಲಿ. ನಕ್ಷೆ ತೆಗೆದು ನೋಡಿ, ದೆಹಲಿಯ ಒಂದು ತುದಿಯಿಂದ ಇನ್ನೊಂದು ತುದಿ. ಆಗ ಮೆಟ್ರೋ ಇರಲಿಲ್ಲ. ವಾರದ ಆರು ದಿನ ಓಖ್ಲಾದ ಗಾರ್ಮೆಂಟ್ ಆಫೀಸಿನಲ್ಲಿ ಶರ್ಟುಗಳ ಪೆಟ್ಟಿಗೆ ಎಣಿಸಿ ಬಂದ ನಾನು ಏಳನೆಯ ದಿನ ಎರಡು ಬಸ್ಸು, ಒಂದು ಆಟೋ ಹಿಡಿದು ಹೋಗಿ ಅವರ ಸೋಫಾದ ಅಂಚಿನಲ್ಲಿ ಕೂತು ರಷ್ಯಾದ ಆತ್ಮವನ್ನು ಅನುಭವಿಸಬೇಕು. ಯಾಕೆ ಹೋಗುತ್ತಿದ್ದಿರಿ ಎನ್ನುತ್ತೀರಾ? ನಮ್ಮವರ ವಾರ್ಷಿಕ ಗೋಪ್ಯ ವರದಿ ಬರೆಯುತ್ತಿದ್ದದ್ದು ಅವರು. ಗೋಷ್ಠಿಗೆ ಬರುತ್ತಿದ್ದ ಹನ್ನೆರಡು ಕನ್ನಡ ಸಂಸಾರಗಳಲ್ಲಿ ಒಂಬತ್ತರ ಯಜಮಾನರು ಅವರ ಕೈಕೆಳಗಿನವರೇ. ಉಳಿದ ಮೂರು ಸಂಸಾರಗಳು ಪದ್ಮಕ್ಕನ ಉಪ್ಪಿಟ್ಟಿಗೆ ಬರುತ್ತಿದ್ದವು. ಪದ್ಮಕ್ಕ ಎಂದರೆ ಅವರ ಹೆಂಡತಿ.

ಗೋಷ್ಠಿಯೂ ಸರ್ಕಾರಿ ಸಭೆಯೇ. ಟೈಪ್ ಮಾಡಿದ ಕಾರ್ಯಸೂಚಿ, ಹಾಜರಿ ಪುಸ್ತಕ, ಹಿಂದಿನ ಸಭೆಯ ನಡವಳಿಗಳ ದೃಢೀಕರಣ. ಅದಾದ ಮೇಲೆ 'ಮಹಾನ್ ರಷ್ಯನ್ ಸಂಗೀತಗಾರನ ಅತಿ ಪ್ರಸಿದ್ಧ ಏಳು ಕೃತಿಗಳು' ಎಂಬ ಪಟ್ಟಿ. ಏಳೇ ಏಳು. ಅವೇ ಏಳು. ಪ್ರತಿಯೊಂದರ ಮುಂದೆಯೂ ಗೋಪ್ಯ ವರದಿಯಂತೆ ಷರಾ: ಹಂಸಗಳಿಗೆ 'ಔಟ್‌ಸ್ಟ್ಯಾಂಡಿಂಗ್', ಕ್ರಿಸ್‌ಮಸ್ ಗೊಂಬೆಗಳು ಜೀವ ತಳೆದು ಕುಣಿಯುವುದಕ್ಕೆ 'ವೆರಿ ಗುಡ್'. ಪಾಪ, ಸತ್ತವನಿಗೂ ಇವರ ಕೈಯಿಂದ ಬಿಡುಗಡೆಯಿರಲಿಲ್ಲ.

ಸಂಗೀತವನ್ನಾದರೂ ನೆಟ್ಟಗೆ ಕೇಳಲು ಬಿಡುತ್ತಿದ್ದರೇ? ಅದೂ ಇಲ್ಲ. ತೋರುಬೆರಳು ಮೇಲೆತ್ತಿ, 'ಇಲ್ಲಿ ಏನಾಗ್ತಿದೆ ಅಂದ್ರೆ' ಎಂದು ಶುರುಮಾಡಿದರೆ ಟೇಪು ಅತ್ತ, ಅವರು ಇತ್ತ. ಪಿಯಾನೋದ್ದು ಒಂದಿದೆ, ಶುರುವಿನಲ್ಲಿ ಅರಮನೆಯ ಬಾಗಿಲು ತೆರೆದ ಹಾಗೆ ಎಂಥ ಚೆಂದದ ರಾಗ ಬರುತ್ತದೆ ಅಂತೀರಿ! ಬಂದದ್ದು ಹೋದರೆ ಮತ್ತೆ ತಿರುಗಿ ಬರುವುದೇ ಇಲ್ಲ. ಆ ಒಂದು ರಾಗದುದ್ದಕ್ಕೂ ಇವರು ಪಿಯಾನೋದ ತೂಕ ಎಷ್ಟು ಎಂದು ಹೇಳುತ್ತಿದ್ದರು. ಫಿರಂಗಿ ಹಾರಿಸುವ ಇನ್ನೊಂದು ಕೃತಿಗೆ ವಾಲ್ಯೂಮ್ ಪೂರ್ತಿ ತಿರುಗಿಸುತ್ತಿದ್ದರು. ಕೆಳಗಿನ ಮನೆಯ ಸರ್ದಾರ್ಜಿ ಮೇಲೆ ಬಂದು, "ಭಾಯಿಸಾಬ್, ದೀವಾಳಿಗೆ ಇನ್ನೂ ಟೈಮಿದೆಯಲ್ಲ?" ಎಂದು ಕೇಳಿ ಹೋದರೆ, "ಸಂಸ್ಕಾರವಿಲ್ಲದ ಜನ" ಎಂದು ನಮ್ಮ ಕಡೆ ತಿರುಗಿ ನಿಟ್ಟುಸಿರು ಬಿಡುತ್ತಿದ್ದರು. ನನಗಂತೂ ಆ ಸರ್ದಾರ್ಜಿಯ ಕಾಲಿಗೆ ಬೀಳಬೇಕೆನಿಸುತ್ತಿತ್ತು.

ಒಂದು ವರ್ಷ ನಮ್ಮವರು ಹಂಸಗಳ ನಡುವೆ ಗೊರಕೆ ಹೊಡೆದರು. ಸಣ್ಣ ಗೊರಕೆಯಲ್ಲ. ಆ ವರ್ಷದ ವರದಿಯಲ್ಲಿ 'ವೆರಿ ಗುಡ್' ಹೋಗಿ ಬರೀ 'ಗುಡ್' ಆಯಿತು, ಪ್ರಮೋಷನ್ ತಪ್ಪಿತು. ನಮ್ಮವರು ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆನ್ನುತ್ತಾರೆ, ಅವರು ಸಾಧು. ನಾನು ಸಾಧುವಲ್ಲ. ಆ ಮುದುಕನ ಮೀಸೆ ಮಣ್ಣಾಗುವುದನ್ನು ಒಂದು ಸಲ ನೋಡದೆ ಬಿಡುವುದಿಲ್ಲವೆಂದು ಅವತ್ತೇ ತೀರ್ಮಾನಿಸಿದೆ.

ಅವಕಾಶ ತಾನಾಗಿ ಬಂತು. ಪಟ್ಟಿಯ ಏಳನೆಯದು ಆ ಸಂಗೀತಗಾರನ ಕಟ್ಟಕಡೆಯ ಸಿಂಫನಿ. ಅದನ್ನು ನುಡಿಸಿ ಕೆಲವೇ ದಿನಕ್ಕೆ ಆತ ಸತ್ತನಂತೆ. ಸೇತುರಾಮಯ್ಯನವರ ಪ್ರಕಾರ ಅದಕ್ಕೆ ಮೂರು ಭಾಗ. ಮೂರನೆಯದು ಭರ್ಜರಿ ಮೆರವಣಿಗೆ. ಡೋಲು, ತಾಳ, ಕಹಳೆ ಎಲ್ಲ ಒಟ್ಟಿಗೆ ಢಮಾರ್ ಎಂದು ನಿಂತೊಡನೆ ಅವರು ಟೇಪ್ ಆರಿಸಿ, ಚಪ್ಪಾಳೆ ತಟ್ಟಿ, "ನೋಡಿ, ಸಾವನ್ನು ಗೆದ್ದು ಹೋಗಿದಾನೆ! ಇದು ವಿಜಯ! ನಾನು ಮಾಸ್ಕೋದಲ್ಲಿ ಕಣ್ಣಾರೆ ನೋಡಿದೀನಿ, ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು" ಎನ್ನುತ್ತಿದ್ದರು. ನಾವೂ ತಟ್ಟುತ್ತಿದ್ದೆವು. ಆಮೇಲೆ ಉಪ್ಪಿಟ್ಟು.

ನಮ್ಮ ಆಫೀಸಿಗೆ ಶರ್ಟು ಕೊಳ್ಳಲು ಬಂದಿದ್ದ ವಿದೇಶೀಯನೊಬ್ಬ ಹೋಗುವಾಗ ಎಲ್ಲರಿಗೂ ಏನೇನೋ ಉಡುಗೊರೆ ಕೊಟ್ಟ. ನನ್ನ ಪಾಲಿಗೆ ಬಂದದ್ದು ಒಂದು ಸಿ.ಡಿ. ನೋಡಿದರೆ ಅದೇ ಸಿಂಫನಿ! ಕರ್ಮ ಎಂದುಕೊಂಡು ಹಾಕಿದೆ. ಮೆರವಣಿಗೆ ಮುಗಿಯಿತು, ಢಮಾರ್ ಆಯಿತು. ನಾನು ಆರಿಸಲು ಎದ್ದೆ. ಅದು ಮತ್ತೆ ಶುರುವಾಯಿತು. ಯಾರೋ ಅಳು ತಡೆಯಲಾರದೆ ಗೋಡೆ ಹಿಡಿದು ಕುಸಿದ ಹಾಗೆ, ಮೆಲ್ಲಗೆ. ಪೂರಾ ಹತ್ತು ನಿಮಿಷ. ಕೊನೆಕೊನೆಗೆ ದೊಡ್ಡ ತಂತಿವಾದ್ಯಗಳು ಮಾತ್ರ ಉಳಿದು, ಅವೂ ಒಂದೊಂದಾಗಿ ಉಸಿರು ಬಿಟ್ಟವು. ಆತ ಗೆದ್ದೂ ಇಲ್ಲ, ಏನೂ ಇಲ್ಲ. ಸೋತು, ಅತ್ತು, ಸುಮ್ಮನಾಗಿದ್ದ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದರ ದುಃಖ ನನ್ನನ್ನು ತಟ್ಟಲೇ ಇಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಇಪ್ಪತ್ತು ವರ್ಷದಿಂದ ಈ ಮನುಷ್ಯ ಮುಕ್ಕಾಲು ಸಿಂಫನಿ ಇಟ್ಟುಕೊಂಡು ಪೂರ್ತಿ ಪಾಂಡಿತ್ಯ ಮಾರುತ್ತಿದ್ದಾನೆ! ಮುಂದಿನ ಗೋಷ್ಠಿಯಲ್ಲಿ, ಚಪ್ಪಾಳೆ ಮುಗಿದೊಡನೆ, 'ಸಾರ್, ಇನ್ನೊಂದು ಸ್ವಲ್ಪ ಇದೆ' ಎಂದು ವಿನಯದಿಂದ ಸಿ.ಡಿ. ಹಾಕುವುದು. ಹನ್ನೆರಡು ಸಂಸಾರಗಳ ಮುಂದೆ. ಆ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದೆ.

ಆ ಭಾನುವಾರ ಅಡುಗೆಮನೆಯಲ್ಲಿ ಪದ್ಮಕ್ಕನಿಗೆ ಕೈಜೋಡಿಸಲು ಹೋದವಳು ಬಾಯಿ ತಡೆಯಲಾರದೆ ಹೇಳಿಬಿಟ್ಟೆ. "ಪದ್ಮಕ್ಕ, ಇವತ್ತು ಒಂದು ಸಿ.ಡಿ. ಹಾಕ್ತೀನಿ. ನಿಮ್ಮ ಯಜಮಾನರ ಸಿಂಫನಿಗೆ ನಾಲ್ಕನೇ ಭಾಗ ಇದೆ ಗೊತ್ತಾ?"

ಅವರು ಒಗ್ಗರಣೆಯ ಒಲೆ ಸಣ್ಣ ಮಾಡಿದರು. "ಗೊತ್ತು."

ನನ್ನ ಕೈಯಲ್ಲಿದ್ದ ನಿಂಬೆಹಣ್ಣು ಅಲ್ಲೇ ನಿಂತಿತು.

"ಅಲ್ಲಿ ಥಿಯೇಟರಿಗೆ ಹೋದ್ರೆ ಬಾಗಿಲಲ್ಲೇ ಕೋಟು ಬಿಚ್ಚಿ ಕೊಡಬೇಕು, ಟೋಕನ್ ಕೊಡ್ತಾರೆ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ನುಗ್ತಾರೆ. ಇವರ ವಿಷಯ ಗೊತ್ತಲ್ಲ, ಯಾವ ಕ್ಯೂ ಆದ್ರೂ ಮೊದಲು ಇರಬೇಕು. ಆ ಢಮಾರ್ ಆಯ್ತು, ಜನ ಚಪ್ಪಾಳೆ ಹೊಡೆದ್ರು. 'ಮುಗೀತು, ನೀನು ನಿಧಾನ ಬಾ, ನಾನು ಕೋಟು ತಗೋತೀನಿ' ಅಂತ ಓಡಿಬಿಟ್ರು. ನಾನು ಸೀರೆ ಸರಿಮಾಡ್ಕೊಂಡು ಏಳೋಷ್ಟರಲ್ಲಿ ಮತ್ತೆ ಶುರುವಾಯ್ತು."

"ಆಮೇಲೆ?"

"ಆಮೇಲೇನು, ಕೂತೆ. ಆ ವರ್ಷವೇ ಕಣೇ ನಮ್ಮಮ್ಮ ಹೋಗಿದ್ದು. ಸುದ್ದಿ ಬರೋಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಇವರಿಗೆ ರಜ ಸಿಗಲಿಲ್ಲ, ಊರಿಗೆ ಹೋಗಲಿಲ್ಲ. ಅಲ್ಲೀ ತನಕ ನಾನು ಅತ್ತಿರಲಿಲ್ಲ. ಅವತ್ತು ಅಲ್ಲಿ ಕೂತು ಅತ್ತೆ. ಪಕ್ಕದಲ್ಲೊಬ್ಬಳು ದಪ್ಪ ಮುದುಕಿ ಇದ್ಲು, ಅವಳೂ ಅಳ್ತಿದ್ಲು. ತನ್ನ ಕರ್ಚೀಫು ನನಗೆ ಕೊಟ್ಲು."

ಅವರ ಟೇಪು ಯಾಕೆ ಮುಕ್ಕಾಲೇ ಇದೆ ಎಂದೂ ಆಗ ತಿಳಿಯಿತು. ಯಾರದೋ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವಾಗಲೂ ಈ ಪುಣ್ಯಾತ್ಮ ಢಮಾರ್ ಆದೊಡನೆ ಮುಗಿಯಿತೆಂದು ಮುಳ್ಳು ಎತ್ತಿಬಿಟ್ಟಿದ್ದರು. ಪದ್ಮಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದರಂತೆ.

"ಇಷ್ಟು ವರ್ಷ ಅವರಿಗೆ ಹೇಳಲೇ ಇಲ್ವಾ?"

"ಹೇಳಿದ್ರೆ ಅದನ್ನೂ ವಿವರಿಸ್ತಿದ್ರು" ಎಂದರು ಪದ್ಮಕ್ಕ. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. "ಏಳು ಇದ್ಯಲ್ಲ ಅವರಿಗೆ, ಸಾಕು. ಇದೊಂದು ನನಗೆ ಇರಲಿ ಬಿಡು. ಹಾಕಬೇಡ ಕಣೇ."

ಅಷ್ಟು ದಿನದ ನನ್ನ ಸಂತೋಷ ಮಣ್ಣುಪಾಲಾಯಿತು. ಆದರೆ ಏನು ಮಾಡಲಿ? ಆ ಮುದುಕನ ಮಾನ ತೆಗೆಯಲು ಹೊರಟವಳು ಈ ಹೆಂಗಸಿನ ಪಾಲಿಗಿದ್ದ ಹತ್ತು ನಿಮಿಷವನ್ನು ಹನ್ನೆರಡು ಸಂಸಾರಕ್ಕೆ ಉಪ್ಪಿಟ್ಟಿನ ಜೊತೆ ಹಂಚುವುದರಲ್ಲಿದ್ದೆ. ನಾಚಿಕೆಯಾಯಿತು. ಹಾಲ್‌ಗೆ ಹೋಗಿ ಕೂತೆ, ಸಿ.ಡಿ. ಚೀಲದಲ್ಲೇ ಉಳಿಯಿತು. ಮೆರವಣಿಗೆ ಮುಗಿದಾಗ ಆ ಸಿಟ್ಟನ್ನೆಲ್ಲ ಅಂಗೈಗೆ ತಂದುಕೊಂಡು ಚಪ್ಪಾಳೆ ತಟ್ಟಿದೆ. ಸೇತುರಾಮಯ್ಯನವರು ನನ್ನನ್ನು ತೋರಿಸಿ, "ನೋಡಿ, ಇವತ್ತು ಇವರಿಗೆ ಅರ್ಥವಾಯ್ತು" ಎಂದರು. ಆ ವರ್ಷ ನಮ್ಮವರಿಗೆ 'ವೆರಿ ಗುಡ್' ಬಂತು. ಥತ್!

ಅದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಗೋಷ್ಠಿ ನಿಂತಿತು, ಸಂಸಾರಗಳು ಚದುರಿದವು. ನಮ್ಮವರಿಗೆ ಕಿವಿ ಮಂದವಾಗಿ ಈಗ ಸುಖವಾಗಿದ್ದಾರೆ. ಪದ್ಮಕ್ಕ ಹೋಗಿ ಎರಡು ವರ್ಷ. ನಿನ್ನೆ ಹಂಸಗಳ ನೆಪದಲ್ಲಿ ಇದನ್ನೆಲ್ಲ ನೆನೆದು ಇನ್ನೂ ಬೈದುಕೊಳ್ಳುತ್ತಿದ್ದೆ, ಸೇತುರಾಮಯ್ಯನವರದೇ ಫೋನು. ತೊಂಬತ್ತು ದಾಟಿದರೂ ದನಿಯಲ್ಲಿ ಅದೇ ಆಫೀಸು. "ನಾಳೆ ಬಾರಮ್ಮ. ಒಂದು ವಿಷಯ ಕ್ಲಾರಿಫೈ ಆಗಬೇಕು."

ಇವತ್ತು ಹೋದೆ. ಅವರ ಜೊತೆಗಿರುವ ಮೊಮ್ಮಗಳು ಮೈತ್ರಿ ಬಾಗಿಲು ತೆಗೆದಳು. ಹತ್ತಿರದ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿ. "ಆಂಟಿ, ಆಪ್ ಹೀ ಸಮ್ಝಾವೋ, ನೀವೇ ಹೇಳಿ. ತಾತಂದು ಟೇಪ್ ಇನ್‌ಕಂಪ್ಲೀಟ್ ಅಂದ್ರೆ ನಂಬಲ್ಲ. ಫೋರ್ ಮೂವ್‌ಮೆಂಟ್ಸ್ ಇದೆ!"

"ಯಾರೋ ಆಮೇಲೆ ಸೇರಿಸಿರಬೇಕು" ಎಂದರು ಸೇತುರಾಮಯ್ಯನವರು. ನೋಡಿದಿರಾ? ಇಡೀ ಜಗತ್ತು ತಪ್ಪು, ಇವರ ಕ್ಯಾಸೆಟ್ಟು ಸರಿ. ನನ್ನ ನಾಲಿಗೆ ತುದಿಗೆ ಬಂದಿತ್ತು.

ಅವಳು ಚಹಾಕ್ಕೆಂದು ಒಳಗೆ ಹೋದಳು. ಅವರು ದನಿ ತಗ್ಗಿಸಿದರು. "ಆವತ್ತು ಕೋಟಿನ ಕ್ಯೂನಲ್ಲಿ ನಾನೊಬ್ಬನೇ ಇದ್ದೆ ಕಣಮ್ಮ. ಎಷ್ಟು ಬೇಗ ಬಂದೆ ಅಂತ ಖುಷಿಪಟ್ಟೆ. ಒಳಗಿಂದ ಸಣ್ಣಗೆ ಏನೋ ಕೇಳ್ತಿತ್ತು, ನಾಳೆಯ ರಿಹರ್ಸಲ್ ಅಂದ್ಕೊಂಡೆ. ಪದ್ಮಾ ಎಷ್ಟೋ ಹೊತ್ತಾದ ಮೇಲೆ ಬಂದಳು. ಕಣ್ಣು ಕೆಂಪಗಿತ್ತು. ಥಂಡಿ ಅಂದಳು. ನಿನಗೇನಾದ್ರೂ ಹೇಳಿದ್ದಳಾ?"

ಇಷ್ಟು ವರ್ಷ ಕಾದಿದ್ದ ಗಳಿಗೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಮಾತು ನನ್ನದಾಗಿರಲಿಲ್ಲ. "ನನಗೇನು ಗೊತ್ತು ಸಾರ್? ಹಾಕಿಸಿ, ಕೇಳೋಣ" ಎಂದೆ.

ಮೈತ್ರಿ ಚಹಾ ತಂದಿಟ್ಟು ಮೊಬೈಲಿನಿಂದ ಸ್ಪೀಕರಿಗೆ ಹಚ್ಚಿದಳು. ಅದು ಶುರುವಾಯಿತು. ಅರ್ಧ ನಿಮಿಷವೂ ಆಗಿರಲಿಲ್ಲ, ತೋರುಬೆರಳು ಮೇಲೆದ್ದಿತು. "ಇಲ್ಲಿ ಏನಾಗ್ತಿದೆ ಅಂದ್ರೆ..."

"ಸಾರ್, ಬಾಯಿ ಮುಚ್ಕೊಂಡು ಕೇಳಿ."

ಹೇಳಿದ್ದು ನಾನೇ. ಮೈತ್ರಿ ಗಾಬರಿಯಿಂದ ನನ್ನ ಮುಖ ನೋಡಿದಳು. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು, ಆಮೇಲೆ ಮಡಿಲಿಗೆ ಇಳಿಯಿತು. ಹತ್ತು ನಿಮಿಷ ಅದು ಮತ್ತೆ ಮೇಲೇಳಲಿಲ್ಲ. ಈ ಸಲ ನಾನೂ ಸಂಗೀತವನ್ನೇ ಕೇಳಿದೆ. ಪದ್ಮಕ್ಕ ನೆನಪಾದರು, ಅಳು ಬಂತು, ಅತ್ತೆ.

ಕೊನೆಯ ಸದ್ದು ಯಾವುದು, ಮೌನ ಯಾವಾಗ ಶುರುವಾಯಿತು ಎಂದು ಅವರಿಗೆ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು, "ಮುಗೀತಾ?"

"ಮುಗೀತು ಸಾರ್."

ಚಹಾ ಆರಿಹೋಗಿತ್ತು. ಅವರು ಬಟ್ಟಲನ್ನೇ ನೋಡುತ್ತ ಕೂತರು. "ಪದ್ಮಾ ಆಚೆ ಬಂದ ತಕ್ಷಣ ನಾನು ಕೇಳಿದ್ದು ಏನು ಗೊತ್ತಾ? ಯಾಕಿಷ್ಟು ಲೇಟು ಅಂತ."

ಆರಿದ ಬಟ್ಟಲೆತ್ತಿಕೊಂಡು ಚಹಾ ಬಿಸಿಮಾಡಲು ಎದ್ದೆ. ಎಂದಿನ ಬೈಗುಳ ಬಾಯಿಗೆ ಬರಲಿಲ್ಲ.