ಗದ್ದೆಯ ಕೆಸರೂ ಸಾಹೇಬರ ಹಳದಿ ಗಾಲಿಯೂ

ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ನಾಟಿಗೆ ಮುಂಚೆ ನೀರು ನಿಲ್ಲಿಸಿದ ಗದ್ದೆಯಲ್ಲಿ ರಬ್ಬರ್ ಟೈರು ಜಾರುತ್ತದೆ. ಅದಕ್ಕೇ ಸುತ್ತಲೂ ಪಟ್ಟಿ ಬೆಸೆದ ಈ ಗಾಲಿ. ನಮ್ಮ ಸಾಹೇಬರಿಗೆ ಕೆಸರೆಂದರೆ ಶೂಗೆ ಮೆತ್ತುವ ಕೊಳಕು, ಅಷ್ಟೆ. ಆದರೂ ಹೊಸ ಗಾಲಿ ತಮ್ಮ ತಲೆಯಿಂದಲೇ ಬರಬೇಕೆಂಬ ಹಟ. ಪಟ್ಟಿಗಳನ್ನು ಒತ್ತೊತ್ತಾಗಿ ಬೆಸೆಸಿ, ಹಳದಿ ಬಣ್ಣ ಹೊಡೆಸಿದರು.

"ನೋಡಿ ಮೇಡಂ, ಎಷ್ಟು ಗಟ್ಟಿಮುಟ್ಟಾಗಿ ಕಾಣುತ್ತೆ!"

"ಕಾಣುತ್ತೆ ಸರ್. ಆದರೆ ಸಂದು ಸಾಲದು. ಮಣ್ಣು ಕಚ್ಚಿಕೊಂಡು ಕೂತುಬಿಡುತ್ತೆ."

"ಅರೇ, ನಿಮ್ಮದು ಯಾವಾಗಲೂ ಅಪಶಕುನ."

ಕಾರ್ಖಾನೆಯ ಹಿಂದೆ ಗುಂಡಿ ತೋಡಿಸಿ, ಕಟ್ಟಡ ಕಟ್ಟಿ ಉಳಿದಿದ್ದ ಮರಳು ಸುರಿಸಿ, ನೀರು ಬಿಡಿಸಿ ಪರೀಕ್ಷೆ ಮಾಡಿದರು. ಟ್ರ್ಯಾಕ್ಟರ್ ಸಲೀಸಾಗಿ ಹೋಯಿತು. ಸಮುದ್ರದಂಡೆಯಲ್ಲಿ ಭತ್ತ ನೆಡುವವರು ಎಲ್ಲಾದರೂ ಇದ್ದರೆ ಸಾಹೇಬರನ್ನು ಹೊತ್ತು ಮೆರೆಸುತ್ತಿದ್ದರು.

ನಿಜವಾದ ಗದ್ದೆಯಲ್ಲೂ ನೋಡಲೇಬೇಕೆಂದು ನಾನು ಬಿಡದೆ ಹೇಳಿ, ಸೋನಿಪತ್ ಕಡೆ ರೈತರೊಬ್ಬರನ್ನು ಒಪ್ಪಿಸಿದೆ. ಸಾಹೇಬರು ಫೋಟೋಗ್ರಾಫರನ್ನು ಕರೆತಂದರು. ಅವನ ಸಾಮಾನಿನಿಂದ ಕಾರು ತುಂಬಿ, ಎಳೆತ ಅಳೆಯುವ ಯಂತ್ರವನ್ನು ನಾನು ತೊಡೆಯ ಮೇಲಿಟ್ಟುಕೊಂಡು ಹೋದೆ.

ಹಳದಿ ಗಾಲಿ ಹಾಕಿದ ಟ್ರ್ಯಾಕ್ಟರನ್ನು, ಹಿಂದೆ ಭಾರಕ್ಕೆಂದು ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ, ಗದ್ದೆಗೆ ಇಳಿಸಿದೆವು. ಬದು ದಾಟಿ ಸ್ವಲ್ಪ ಹೋಗುವಷ್ಟರಲ್ಲೇ ಸಂದುಗಳಲ್ಲೆಲ್ಲ ಜೇಡಿಮಣ್ಣು ತುಂಬಿ, ಗಾಲಿ ನುಣ್ಣನೆಯ ಡ್ರಮ್ಮಿನಂತಾಯಿತು. ಗಾಲಿ ತಿರುಗುತ್ತಿದೆ, ಗಾಡಿ ಇದ್ದಲ್ಲೇ ಇದೆ.

"ನಿಲ್ಲಿಸಿ!" ಎಂದೆ. ಡ್ರೈವರ್ ನಿಲ್ಲಿಸಿದ.

"ನಿಲ್ಲಿಸಬೇಡ, ರೇಸ್ ಕೊಡು!" ಸಾಹೇಬರು ಬದುವಿನ ಮೇಲಿಂದ ಕೂಗಿದರು.

ಅವನು ಕೊಟ್ಟ. ಟ್ರ್ಯಾಕ್ಟರ್ ಅಚ್ಚಿನವರೆಗೂ ಹೂತುಹೋಯಿತು.

"ನಾಳೆ ನನ್ನ ನಾಟಿ ಇದೆ. ಇದನ್ನೂ ನೆಟ್ಟು ಹೋಗ್ತೀರಾ?" ರೈತರು ಕೇಳಿದರು. ಉತ್ತರಿಸಬೇಕಾದವರು ಕಾರಿನೊಳಗೆ ಎಸಿ ಹಾಕಿಕೊಂಡು ಕೂತಿದ್ದರು. ಜೆಸಿಬಿ ತರಿಸಿ, ಟ್ರ್ಯಾಕ್ಟರ್ ಎಳೆಸಿ, ಗದ್ದೆ ಮಟ್ಟ ಮಾಡಿಸುವವರೆಗೂ ಡ್ರೈವರೂ ನಾನೂ ಮೊಣಕಾಲುದ್ದ ಕೆಸರಿನಲ್ಲಿದ್ದೆವು.

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ಕಾರ್ಖಾನೆಯ ಮಾಲೀಕರಿಗೆ ಹೇಳಿದರು: "ಡ್ರೈವರ್‌ಗೆ ಓಡಿಸೋಕೆ ಬರಲಿಲ್ಲ. ಗದ್ದೆಯೂ ಸರಿ ಇರಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಡ್ರೈವರ್ ನಿಲ್ಲಿಸಿದ್ದ. ರೇಸ್ ಕೊಡು ಅಂದವರು ನೀವು ಸರ್. ಗದ್ದೆ ಗದ್ದೆಯ ಹಾಗೇ ಇತ್ತು."

ಮಾಲೀಕರು "ಅಚ್ಛಾ" ಎಂದು ನಕ್ಕು, ಮೇಡಂ ಹೇಳಿದಂತೆಯೂ ಒಂದು ಮಾಡಿ ನೋಡಿ ಎಂದರು. ಪಟ್ಟಿಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿಸಿದೆ. ಆ ಗಾಲಿ ಮಣ್ಣು ಉದುರಿಸಿಕೊಳ್ಳುತ್ತಾ ಇಡೀ ಗದ್ದೆ ದಾಟಿತು.

ಅದರ ಬಿಡುಗಡೆಯ ದಿನ ಸಾಹೇಬರೇ ಮೈಕ್ ಹಿಡಿದು, ಸಂದು ಅಗಲವಾಗಿರಬೇಕೆಂಬುದು ತಮ್ಮ ಬಹುದಿನಗಳ ಚಿಂತನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಸಮೋಸಾ ಬಿಸಿಯಾಗಿತ್ತು, ತಿನ್ನುತ್ತಿದ್ದೆ.