ಎರಡು ಪಂಚಾಂಗಗಳ ನೆಪ

ವಾಕಿಂಗ್ ಶುರುಮಾಡಿ ಎಂದು ಡಾಕ್ಟರು ಹೇಳಿದಾಗ ಆಷಾಢ, ಹೊಸದೇನನ್ನೂ ಶುರುಮಾಡುವಂತಿರಲಿಲ್ಲ. ನಮ್ಮ ಆಷಾಢ ಮುಗಿದರೂ ಕ್ರೋಂಪೇಟೆಯ ನೆರೆಹೊರೆಯ ತಮಿಳರಿಗೆ ಇನ್ನೂ ಆಡಿ ಮಾಸ, ಅವರೂ ಅದರಲ್ಲಿ ಹೊಸದಕ್ಕೆ ಕೈಹಾಕುವುದಿಲ್ಲ. ಇರುವ ಊರಿನ ಪದ್ಧತಿಗೂ ಮರ್ಯಾದೆ ಕೊಡಬೇಕೆಂದು ಹಾಯಾಗಿ ಮಲಗಿದೆ.

ಅಮ್ಮನಿಗೆ ರೇಗಿತು. "ನಡೆಯೋದೇನು ಗೃಹಪ್ರವೇಶನಾ? ಇದಕ್ಕೆ ಮುಹೂರ್ತ ಬೇರೆ ಕೇಡು!" ಎಂದು ನನ್ನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡಳು.

ಗೊಣಗುತ್ತಲೇ ರೈಲ್ವೆ ಸ್ಟೇಷನ್ನಿನವರೆಗೆ ನಡೆದೆ. ಬೆವರಿಗೆ ಅಂಗಿ ಮೈಗಂಟಿತ್ತು. ಆದರೂ ದಿನವೂ ಹೊಸ ನೆಪ ಹುಡುಕುವ ಕಷ್ಟ ತಪ್ಪಿತಲ್ಲ ಎಂದು ಜೀವ ಹಗುರಾಯಿತು. ಆಮೇಲೆ ನಡಿಗೆ ತಪ್ಪಲಿಲ್ಲ.

ಒಂದು ಮುಂಜಾನೆ ನಾನು ಹೊರಡುವಾಗ ಅಮ್ಮನೇ ಕೆಣಕಿದಳು. "ಇವತ್ತು ಅಮಾವಾಸ್ಯೆ ಕಣೋ."

"ತಮಿಳರಿಗೆ ಅದು ಒಳ್ಳೇ ದಿನ ಕಣಮ್ಮ," ಎಂದು ಚಪ್ಪಲಿ ಮೆಟ್ಟಿದೆ.