ಟ್ಯಾಂಕಿನ ಸ್ಪಂಜು

ಮೊಮ್ಮಗಳು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವಾಗ ಅವಳೂ ಗೆಳತಿಯರೂ ಸೇರಿ ಒಂದು ರೇಸಿನ ಕಾರು ಕಟ್ಟಿದ್ದರು. ಒಂದು ಭಾನುವಾರ ಅದರ ಪೆಟ್ರೋಲ್ ಟ್ಯಾಂಕನ್ನು ಹಿರಿಯಡ್ಕದ ನಮ್ಮ ಮನೆಗೆ ತಂದು, ಒಳಗಿನ ಕಪ್ಪು ಸ್ಪಂಜಿನ ತುಂಡುಗಳನ್ನು ಜಗಲಿಯಲ್ಲಿ ಒಣಗಲು ಹಾಕಿದಳು.

"ಟ್ಯಾಂಕಿಗೆ ಎಂತಕ್ಕೆ ಹಾಸಿಗೆ?" ಎಂದೆ.

"ಕಾರು ಜೋರಾಗಿ ತಿರುಗುವಾಗ ಪೆಟ್ರೋಲು ಒಂದೇ ಬದಿಗೆ ಹೋಗ್ತದೆ ಅಜ್ಜಿ. ಪಂಪಿಗೆ ಗಾಳಿ ಮಾತ್ರ ಸಿಗ್ತದೆ, ಇಂಜಿನ್ ಬಂದ್. ಸ್ಪಂಜು ಇದ್ದರೆ ಅಷ್ಟು ತುಳುಕುವುದಿಲ್ಲ."

ಅರ್ಧ ಕಿವಿಯಲ್ಲಿ ಕೇಳಿದೆ. ಅವಳು ಸ್ನಾನಕ್ಕೆ ಹೋದಾಗ ಒಂದು ತುಂಡು ಎತ್ತಿಕೊಂಡೆ. ಗಟ್ಟಿ ಸ್ಪಂಜು, ಮೀನಿನ ಪಾತ್ರೆ ತಿಕ್ಕಲು ಹೇಳಿ ಮಾಡಿಸಿದ ಹಾಗಿತ್ತು. ಜಾಗ ಖಾಲಿ ಕಾಣಬಾರದೆಂದು ಹರಿದ ಸೋಫಾದಿಂದ ಅಷ್ಟೇ ದೊಡ್ಡ ಕಪ್ಪು ತುಂಡು ಕತ್ತರಿಸಿ ಇಟ್ಟೆ. ಕೇಳಿದ್ದರೆ ಕೊಡುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ.

ರೇಸಿನ ದಿನ ಕಾರು ಎರಡನೇ ಸುತ್ತಿನಲ್ಲೇ ನಿಂತಿತಂತೆ. ಸ್ಪಂಜು ಪೆಟ್ರೋಲಿನಲ್ಲಿ ರವೆಯಂತೆ ಪುಡಿಯಾಗಿ ಪಂಪಿನ ಜಾಲರಿಯಲ್ಲಿ ಕೂತಿತ್ತಂತೆ. ಊಟಕ್ಕೆ ಕೂತು ಮೊಮ್ಮಗಳು ಹೇಳುವಾಗಲೇ ನನಗೆ ಗೊತ್ತಾಯಿತು, ಅದು ನನ್ನ ಸೋಫಾ.

"ಸ್ಪಂಜು ತಂದದ್ದು ಅವಳು. ಯಾವುದೋ ಲೊಟ್ಟೆ ಮಾಲು ತಂದು ಹಾಕಿದ್ದಾಳೆ."

ಅವಳು ಎಂದರೆ ಕಾಪುವಿನ ಹುಡುಗಿ, ಇವಳ ಜೀವದ ಗೆಳತಿ. ನಮ್ಮಲ್ಲಿ ಎಷ್ಟೋ ಸಲ ಉಂಡು ಹೋದವಳು.

"ಅವಳೆಂತ ಹೇಳಿದಳು?"

"ಎಂತ ಹೇಳುವುದು? ಎಲ್ಲರೂ ಬೈದೆವು. ಟೀಮ್ ಬಿಟ್ಟಳು."

ನಾನು ಸಾರು ಬಡಿಸಿದೆ. ಈ ಪ್ರಾಯದಲ್ಲಿ ಮೊಮ್ಮಗಳಿಂದ ಬೈಸಿಕೊಳ್ಳುವುದು ಯಾರಿಗೆ ಬೇಕು ಎಂದುಕೊಂಡೆ. ಹಾಗೇ ಒಂದು ವರ್ಷ ಹೋಯಿತು. ಹುಡುಗಿಯರು ಮಾತು ಬಿಟ್ಟರು. ಕಾರ್ಕಳದ ಒಂದು ಮದುವೆಯಲ್ಲಿ ಕಾಪುವಿನ ಹುಡುಗಿ ಸಿಕ್ಕಿದಳು. ನನ್ನ ಕಾಲು ಮುಟ್ಟಿದಳು, ಪಕ್ಕದಲ್ಲಿದ್ದ ಮೊಮ್ಮಗಳ ಮುಖ ನೋಡದೆ ಹೋದಳು. ಮನೆಗೆ ಬರುವ ಬಸ್ಸಿನಲ್ಲಿ ಮೊಮ್ಮಗಳಿಗೆ ಎಲ್ಲ ಹೇಳಿಬಿಟ್ಟೆ.

"ಇಷ್ಟು ದಿನ ಎಂತ ಮಾಡ್ತಿದ್ದಿರಿ ಅಜ್ಜಿ?"

"ಸುಮ್ಮನೆ ಕೂತಿದ್ದೆ."

ಮರುದಿನ ಇಬ್ಬರೂ ಕಾಪುವಿಗೆ ಹೋದೆವು. ಹುಡುಗಿ ಪೂರ್ತಿ ಕೇಳಿದಳು.

"ನಾನು ಸ್ಪಂಜು ಕೊಟ್ಟ ಅಂಗಡಿಯವರ ಹತ್ತಿರ ಜಗಳ ಮಾಡಿ ಬಂದಿದ್ದೆ ಅಜ್ಜಿ" ಎಂದಳು. "ಪಾಪ, ಅವರು ಸರಿಯಾದದ್ದನ್ನೇ ಕೊಟ್ಟಿದ್ದರು."

"ನನಗೆ ಬೈ ಮಗಾ."

ಬೈಯಲಿಲ್ಲ. ಚಹಾ ಮಾಡಲು ಎದ್ದು ಹೋದಳು. ಮೊಮ್ಮಗಳು ಹಿಂದೆಯೇ ಹೋದಳು. ಒಳಗಿನ ಮಾತು ನನಗೆ ಕೇಳುತ್ತಿತ್ತು.

"ಎಲ್ಲರಿಗೂ ನಾನೇ ಹೇಳ್ತೇನೆ, ತಪ್ಪು ನಿನ್ನದಲ್ಲ ಅಂತ."

"ಯಾರಿಗೆ ಹೇಳ್ತಿ ಮಾರಾಯ್ತಿ? ಕಾಲೇಜು ಮುಗಿದಾಯ್ತು. ಎಲ್ಲ ಒಂದೊಂದು ಊರಿಗೆ ಹೋಗಿ ಆಯ್ತು."

ಚಹಾ ಬಂತು. ನನ್ನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಉಂಟೆಂದು ಅವಳಿಗೆ ಇನ್ನೂ ನೆನಪಿತ್ತು.